ಅಳತೆ ಕೇಳದ ಫ್ರಾಕು

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದೆ 'ಓಬಳೇಶ ಟೇಲರ್' ಅಂತ ಬೋರ್ಡು ಹಾಕಿರುವುದು ನನ್ನ ಗಂಡನ ಅಂಗಡಿ. ನಮ್ಮ ಕಡೆ ಹೆಂಗಸರ ಮೈಗೆ ದರ್ಜಿ ಟೇಪು ಹಿಡಿಯುವುದಿಲ್ಲ. ಸರಿಯಾಗಿ ಕೂತ ಹಳೆಯ ಕುಪ್ಪಸವೊಂದನ್ನು ಕೊಟ್ಟರೆ ಸಾಕು, ಅದೇ ಅಳತೆ ಕುಪ್ಪಸ. ಊರವರ ಮಾತಿರಲಿ, ಹದಿನೆಂಟು ವರ್ಷ ಜೊತೆಗೆ ಬಾಳಿದ ನನಗೂ ಅದೇ ಕಾನೂನು. "ಹಂಪಮ್ಮ, ಅಳತಿ ಕುಪ್ಪಸ ಕೊಡು" ಅನ್ನುತ್ತಾರೆ, ಹಾದಿಯಲ್ಲಿ ಬಂದ ಗಿರಾಕಿಗೆ ಅಂದ ಹಾಗೆ. ಅದು ನನಗೆ ಮೊದಲಿನಿಂದಲೂ ಚುಚ್ಚುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆ. ಮಧ್ಯಾಹ್ನ ಬುತ್ತಿ ಒಯ್ದರೆ ಇವರು ಏನನ್ನೋ ಗಡಬಡಿಸಿ ಮೇಜಿನ ಕೆಳಗೆ ತುರುಕಿದರು. ಕೈ ತೊಳೆಯಲು ಹೊರಗೆ ಹೋದಾಗ ಬಗ್ಗಿ ಎಳೆದು ನೋಡಿದೆ. ಕೆಂಪು ಬಟ್ಟೆ, ಮೇಲೆ ಬಿಳಿ ಬೊಟ್ಟು. ಫ್ರಾಕು! ನಡು ಬಿಗಿ, ಕೆಳಗಿನ ಲಂಗ ಹರಡಿದರೆ ಅರ್ಧ ಅಂಗಡಿ ತುಂಬುವಷ್ಟು ಅಗಲ. ಮಕ್ಕಳದ್ದಲ್ಲ, ಬೆಳೆದವರದ್ದು. ನಮ್ಮೂರಲ್ಲಿ ಬೆಳೆದ ಹೆಂಗಸು ಯಾರು ಫ್ರಾಕು ಹಾಕುತ್ತಾಳೆ?

"ಯಾರದ್ರಿ ಇದು?"

"ಗಿರಾಕಿದು."

"ಗಿರಾಕಿಗೆ ಹೆಸರಿಲ್ಲೇನು?"

"ಉಣ್ಣಾಕ ಬಿಡ್ತೀಯೋ ಇಲ್ಲೋ?" ಅಂದರು. ಫ್ರಾಕನ್ನು ಕಸಿದು ಮತ್ತೆ ಮೇಜಿನ ಕೆಳಗೆ ತುರುಕಿ ರೊಟ್ಟಿ ಮುರಿದರು.

ಅಳತೆ ಕುಪ್ಪಸಕ್ಕಾಗಿ ಹುಡುಕಿದೆ, ಇರಲಿಲ್ಲ. ಅಳತೆ ಬರೆಯುವ ನೋಟ್‌ಬುಕ್ಕಿನಲ್ಲೂ ಆ ಫ್ರಾಕಿನ ಸುದ್ದಿಯಿಲ್ಲ. ಅಂದರೆ ಆ ಮೈಯ ಅಳತೆ ಇವರಿಗೆ ಬಾಯಿಪಾಠ! ಗುಂಡಿ, ಹುಕ್ಕು, ಅಂಚಿನ ಕೈಹೊಲಿಗೆಯೆಲ್ಲ ಯಾವಾಗಲೂ ನನ್ನ ಪಾಲಿನ ಕೆಲಸ. ಈ ಫ್ರಾಕಿನ ಅಂಚನ್ನು ಮಾತ್ರ ತಾವೇ ಕೂತು ಹೊಲಿಯುತ್ತಿದ್ದರು.

ಪಕ್ಕದ ಮನೆಯ ಅಂಜಿನಕ್ಕನ ಮುಂದೆ ಬಾಯಿ ಬಿಟ್ಟೆ. ಬಿಡಬಾರದಿತ್ತು.

"ನಿನ್ನ ಗಂಡ ಮದಿವಿಗಿಂತ ಮೊದ್ಲ ಗುಂತಕಲ್ಲಿನಾಗ ಇದ್ದನಲ್ಲ ತಂಗಿ? ರೈಲ್ವೆ ದೊರೆಸಾನಿಗೋಳಿಗೆ ಇಂಥವ ಫ್ರಾಕು ಹೊಲೀತಿದ್ದ. ಅವರು ಗಂಡಸರ ಕೈ ಹಿಡಕೊಂಡು ಗಿರಗಿರ ತಿರುಗಿ ಕುಣೀತಾರಂತ. ಅಲ್ಲಿ ಯಾವಾಕಿ ಗಂಟು ಬಿದ್ದಿದ್ಲೋ, ಈಗ ಹೊಳ್ಳಿ ಬಂದಾಳ ನೋಡು."

ಅಂದಿನಿಂದ ನನ್ನ ಕಣ್ಣು ಸುಮ್ಮನಿರಲಿಲ್ಲ. ಬಸ್ಸಿಂದ ಇಳಿಯುವ ಹೆಂಗಸರ ನಡುವನ್ನೆಲ್ಲ ಅಳೆಯುತ್ತ ನಿಂತೆ. ಹಡಗಲಿಯಿಂದ ಮಲ್ಲಿಗೆ ತರುವವಳನ್ನೂ ಬಿಡಲಿಲ್ಲ. ಇವರೋ ಸಂಜೆ ಐದಕ್ಕೇ ಅಂಗಡಿ ಬಾಗಿಲೆಳೆದು ಎಲ್ಲಿಗೋ ಹೋಗಿ ಬೆವತು ಬರುತ್ತಿದ್ದರು. ಒಂದು ದಿನ ಮೀಸೆ ಬೋಳಿಸಿಕೊಂಡು ಬಂದರು!

"ಮೀಸಿ ಏನಾತ್ರಿ?"

"ಸೆಕಿ."

ನಲವತ್ತೆರಡರ ಗಂಡಸು ಹುಡುಗನಾಗಲು ಹೊರಟರೆ ಯಾವ ಹೆಂಡತಿ ನಂಬುತ್ತಾಳೆ? ಅವಳ ಹೆಸರು ಗೊತ್ತಾದ ದಿನವೇ ತೆಲಿಗಿಗೆ, ತವರಿಗೆ ಹೋಗುವುದೆಂದು ಟ್ರಂಕಿಗೆ ಸೀರೆ ಜೋಡಿಸಿಟ್ಟೆ. ಜೋಡಿಸುತ್ತ ಅತ್ತೆ.

ಶನಿವಾರ ಇವರು ದಾರದುಂಡಿ ತರಲು ಪೇಟೆಗೆ ಹೋದಾಗ ಅಂಗಡಿಗೆ ನುಗ್ಗಿದೆ. ಫ್ರಾಕನ್ನು ಮೇಜಿನ ಮೇಲೆ ಹರಡಿ ಗೇಣು ಹಾಕಿದೆ. ನಡು ನಾಲ್ಕು ಗೇಣಿಗಿಂತ ಎರಡು ಬೆರಳು ಹೆಚ್ಚು. ದಪ್ಪ ಹೆಂಗಸೇ! ಬೆನ್ನೂ ಅಗಲ. ಆಮೇಲೆ ಭುಜಕ್ಕೆ ಬಂದೆ. ಬಲಭುಜ ಎಡದಕ್ಕಿಂತ ಒಂದು ಬೆರಳು ಕೆಳಗಿತ್ತು. ತಪ್ಪಿ ಕತ್ತರಿಸಿದ್ದಲ್ಲ, ಬೇಕೆಂದೇ ಇಳಿಸಿದ್ದು.

ಇಪ್ಪತ್ತು ವರ್ಷ ಮಷೀನಿನ ಮೇಲೆ ಬಾಗಿ ಬಾಗಿ ಹಾಗೆ ಇಳಿದ ಭುಜ ಕೊಟ್ಟೂರಿನಲ್ಲಿ ಒಂದೇ. ಗೂಟಕ್ಕಿದ್ದ ಇವರ ಅಂಗಿ ತಂದು ಫ್ರಾಕಿನ ಮೇಲೆ ಹಾಸಿದೆ. ಭುಜಕ್ಕೆ ಭುಜ, ಬೆನ್ನಿಗೆ ಬೆನ್ನು ಕೂತಿತು.

ಅಷ್ಟರಲ್ಲಿ ಇವರು ಬಾಗಿಲಲ್ಲಿ ನಿಂತಿದ್ದರು.

"ಚಿಗಟೇರಿ ಊರಾಗ ಗಾದೆಪ್ಪ ಮಾಸ್ತರ ನಾಟಕ ಐತಿ, ದಿನಾ ಸಂಜಿಕ ಅದರದೇ ತಾಲೀಮು," ಅಂದರು ನೆಲ ನೋಡುತ್ತ. "ಅದರಾಗ ಹಿಂದಿನ ಕಾಲದ ರೈಲ್ವೆ ಕ್ಲಬ್ಬಿನ ಕುಣಿತ ಒಂದು ಬರ್ತೈತಿ. ಹೆಣ್ಣುಮಕ್ಕಳು ಯಾರೂ ಒಪ್ಪಲಿಲ್ಲ. ಆ ಕುಣಿತ ಬಲ್ಲಾಂವ ನಾನೊಬ್ನೇ. ನಿನಗ ಹೇಳಾಕ ನಾಚಿಕಿ ಆತು."

"ಯಾರ ಕೈ ಹಿಡಕೊಂಡು ಕಲ್ತ್ರಿ?"

"ಯಾರದೂ ಇಲ್ಲ. ಗುಂತಕಲ್ಲಿನಾಗ ಕ್ಲಬ್ಬಿನ ಕಿಟಕ್ಯಾಗ ನೋಡಿ ಬಂದು, ಖೋಲಿ ಬಾಗಿಲು ಹಾಕ್ಕೊಂಡು ಕುರ್ಚಿ ಹಿಡಕೊಂಡು ಕುಣೀತಿದ್ದೆ."

ಕುರ್ಚಿ ಹೌದೋ ಅಲ್ಲವೋ, ಇವತ್ತಿಗೂ ನನಗೆ ಅನುಮಾನವಿದೆ. ಆದರೆ ಆ ಹೊತ್ತಿಗೆ ಮೀಸೆಯಿಲ್ಲದ ಆ ಮುಖ ನೋಡಿ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣೀರು ಬಂತು. ಬ್ಲೇಡು ತೆಗೆದುಕೊಂಡು ಬಲಭುಜದ ಹೊಲಿಗೆ ಬಿಚ್ಚತೊಡಗಿದೆ.

"ಏಯ್, ಏನು ಮಾಡ್ತಿ?"

"ಇನ್ನೂ ಅರ್ಧ ಬೆರಳು ಇಳೀಬೇಕು. ಈ ವರ್ಷ ನಿಮ್ಮ ಭುಜ ಮತ್ತಷ್ಟು ಬಾಗೈತಿ."

"ತಡಿ, ಟೇಪು ಕೊಡ್ತೀನಿ."

"ನಿಮ್ಮ ಮೈಗೆ ನನಗ ಟೇಪು ಬೇಕಾಗಿಲ್ಲ," ಅಂದೆ.

ಇವರು ಫ್ರಾಕು ಹಾಕಿ ನೋಡಿದಾಗ ಭುಜ ಒಂದೂ ಸುಕ್ಕಿಲ್ಲದೆ ಕೂತಿತು.

ನಾಟಕ ಮುಗಿದ ಮೇಲೆ ಹೊಸ ಕುಪ್ಪಸದ ಬಟ್ಟೆ ಕೊಟ್ಟೆ. ಇವರು ಅಳತೆ ಕುಪ್ಪಸ ಕೇಳಲಿಲ್ಲ. ಎರಡು ದಿನಕ್ಕೆ ಹೊಲಿದು ತಂದು, ನಾನು ತೊಟ್ಟು ಬರುವ ತನಕ ಬಾಗಿಲಲ್ಲೇ ಕಾದರು. ತೋಳು ಎಷ್ಟು ಬಿಗಿಯೆಂದರೆ ಕೈ ಎತ್ತಲಾಗಲಿಲ್ಲ.

"ಸರಿ ಆತೇನು?"

"ಸರಿ ಐತ್ರಿ," ಅಂದೆ.

ಆ ಕುಪ್ಪಸ ಹರಿಯುವ ತನಕ ತೋಳಿನ ಹೊಲಿಗೆ ಬಿಚ್ಚಿಸಲಿಲ್ಲ.