ಸಂವಹನ ಪೆಟ್ಟಿಗೆ

ಧರ್ಣಪ್ಪ ತಂದಿದ್ದ ಕಾಗದದಲ್ಲಿ ಮುಖ್ಯವಾದದ್ದು ಒಂದೇ ಸಾಲು: "ಮೃತಳಿಗೆ ಎರಡು ದಿನಗಳಿಂದ ಜ್ವರವಿತ್ತು." ಅದರ ಕೆಳಗೆ ತಾಯಿಯ ಸಹಿಗೆ ಜಾಗ ಬಿಟ್ಟಿದ್ದರು.

ಪ್ರಾಪ್ತಿ ಹೋಗಿ ಆರು ದಿನ ಆಗಿತ್ತು. ಶಿರ್ತಾಡಿಯ ಆ ಸಣ್ಣ ಮನೆಯ ಅಂಗಳದಲ್ಲಿ ಬಾಡಿಗೆಗೆ ತಂದ ಕೆಂಪು ಕುರ್ಚಿಗಳು ಇನ್ನೂ ಒಂದರ ಮೇಲೊಂದು ನಿಂತಿದ್ದವು. ಅವಳ ತಾಯಿ ಶಶಿಪ್ರಭಾ ಬೀಜದ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷಗಳಿಂದ ಗೇರುಬೀಜದ ಸಿಪ್ಪೆ ತೆಗೆಯುವವಳು. ಧರ್ಣಪ್ಪ ಅಲ್ಲಿಯ ಸೂಪರ್‌ವೈಸರ್.

"ಅಕ್ಕ, ನಾಳೆ ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಬರ್ತಾರೆ," ಅಂದ ಅವನು, ದನಿ ತಗ್ಗಿಸಿ. "ಜ್ವರ ಇತ್ತು ಅಂತ ಹೇಳಿಬಿಡಿ. ನಿಮ್ಮ ಒಳ್ಳೆಯದಕ್ಕೇ ಹೇಳುವುದು ನಾನು. ಇಲ್ಲದಿದ್ದರೆ ಕಂಬಳಿ ಹೊದಿಸಿದ್ದು ಯಾರು ಅಂತ ಬರ್ತದೆ. ಭೋಜಣ್ಣನಿಗೆ ಅದು ಗೊತ್ತಿಲ್ಲ ಅಲ್ಲವಾ?"

ಭೋಜ, ಅವಳ ಗಂಡ, ಮೂಡುಬಿದಿರೆ–ಬಂಟ್ವಾಳ ಬಸ್ಸಿನ ಡ್ರೈವರ್. ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದ. ತಂಬಿಗೆಯ ಸದ್ದು ಕೇಳುತ್ತಿತ್ತು.

"ಕಾಗದ ಇಟ್ಟು ಹೋಗು," ಅಂದಳು ಶಶಿಪ್ರಭಾ.

ಕರುಣೆಯ ಹೊದಿಕೆ ಹೊದ್ದು ಬರುವ ಬೆದರಿಕೆ ಇಂಥದ್ದು. ಆ ಫ್ಯಾಕ್ಟರಿಯಲ್ಲಿ ಎಲ್ಲವೂ ಕಾರ್ಮಿಕರ ಒಳ್ಳೆಯದಕ್ಕೇ ಆಗುತ್ತಿತ್ತು. ಹಿಂದೆ ಅಲ್ಲಿದ್ದದ್ದು ಹಂಚಿನ ಮಾಡು, ಅದರ ನೆತ್ತಿಯಲ್ಲಿ ಉದ್ದಕ್ಕೂ ಕಿಂಡಿ. ಹೋದ ವರ್ಷ ಹೊರದೇಶದ ಖರೀದಿದಾರರು ನೋಡಲು ಬರುತ್ತಾರೆಂದು ಹಂಚು ತೆಗೆದು ಶೀಟು ಹೊದಿಸಿದರು. ಹಕ್ಕಿ ಬರಬಾರದೆಂದು ಕಿಂಡಿ ಮುಚ್ಚಿದರು. ಬೀಜ ಒಣಗಿಸುವ ಬೋರ್ಮಾ, ಅಂದರೆ ಒಂದು ಕೋಣೆಯಷ್ಟು ದೊಡ್ಡ ಒಲೆ, ಪಕ್ಕದಲ್ಲೇ. ಅದರ ಬಾಗಿಲು ತೆರೆದಾಗಲೆಲ್ಲ ಬಿಸಿ ನುಗ್ಗುವುದು ಸಿಪ್ಪೆ ತೆಗೆಯುವ ಹಾಲಿಗೆ. ಅದೇ ವರ್ಷ ಆಫೀಸಿಗೆ ಎಸಿ ಬಂತು. ಅದರ ಹೊರಗಿನ ಪೆಟ್ಟಿಗೆಯನ್ನು ಕೂರಿಸಿದ್ದು ಇದೇ ಹಾಲಿನ ಕಿಟಕಿಯ ಎದುರು. ತಂಪು ಎಂಬುದು ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ. ಒಬ್ಬರ ಬಿಸಿಯನ್ನು ಇನ್ನೊಬ್ಬರ ಮೈಮೇಲೆ ಸುರಿದೇ ಅದು ಬರುತ್ತದೆ. ಆಫೀಸಿನಲ್ಲಿ ಮೂವರು, ಹಾಲಿನಲ್ಲಿ ನಲವತ್ತು ಹೆಂಗಸರು.

ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿದ ಪ್ರಾಪ್ತಿ ಎರಡು ತಿಂಗಳ ಕೆಲಸಕ್ಕೆಂದು ಅಮ್ಮನ ಪಕ್ಕ ಬಂದು ಕೂತಳು. ಮೂರನೇ ದಿನಕ್ಕೇ ಮೇಲೆ ನೋಡಿ ನಕ್ಕಳು.

"ಅಮ್ಮ, ಇದು ನಮ್ಮ ಬಚ್ಚಲಿನ ಹಂಡೆಯ ಹಾಗೆಯೇ. ಅಡಿಯ ನೀರು ಕಾದು ಹಗುರ ಆಗಿ ಮೇಲೆ ಹೋಗ್ತದೆ, ಮೇಲಿನ ತಣ್ಣೀರು ಕೆಳಗೆ ಇಳಿಯುತ್ತದೆ, ಸುತ್ತುತ್ತಾ ಇರ್ತದೆ. ಗಾಳಿಯೂ ಹಾಗೆಯೇ. ಬಿಸಿಗಾಳಿ ನೆತ್ತಿಯಿಂದ ಹೊರಗೆ ಹೋದರೆ ತಾನೇ ಬಾಗಿಲಿಂದ ಹೊಸ ಗಾಳಿ ಒಳಗೆ ಬರುವುದು? ಇಲ್ಲಿ ಅದು ಮೇಲೆಯೇ ಕೂತುಬಿಟ್ಟಿದೆ. ಫ್ಯಾನು ಅದನ್ನೇ ಕಲಕಿ ನಮ್ಮ ತಲೆಗೆ ಹಾಕ್ತದೆ."

"ಹಾಗಾದರೆ ಹಂಡೆಯೊಳಗೆ ನಾವು ಏನು ಮಗಾ, ಬಟಾಟೆಯಾ?" ಅಂದಳು ಎದುರು ಸಾಲಿನ ಹಫ್ಸ.

"ಬಟಾಟೆಯಾದರೆ ಬೆಂದ ಮೇಲೆ ಇಳಿಸ್ತಾರೆ ಹಫ್ಸಕ್ಕ!"

ಆಫೀಸಿನ ಬಾಗಿಲ ಬಳಿ ಒಂದು ಮರದ ಡಬ್ಬಿ ಇತ್ತು. ಮೇಲೆ 'ಕಾರ್ಮಿಕ ಸಂವಹನ ಪೆಟ್ಟಿಗೆ' ಎಂದು ಬರೆದಿತ್ತು. ಪ್ರಾಪ್ತಿಗೆ ಅದನ್ನು ನೋಡಿ ಖುಷಿಯೋ ಖುಷಿ. ಅವಳ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬಿಸಿ ಹೀಗೆ ಏರಿ ಇಳಿದು ಹರಿಯುವುದಕ್ಕೂ ಅದೇ ಹೆಸರು: ಸಂವಹನ. ಅವಳು ಹಾಳೆಯಲ್ಲಿ ಹಾಲಿನ ಚಿತ್ರ ಬರೆದು, ಬಾಣಗಳನ್ನು ಹಾಕಿ, ಕೆಳಗೆ ಬರೆದಳು: "ಇಲ್ಲಿ ಸಂವಹನಕ್ಕೆ ದಾರಿ ಇಲ್ಲ. ದಯವಿಟ್ಟು ಮಾಡಿನ ಕಿಂಡಿ ತೆರೆಯಿರಿ."

ಮರುದಿನ ಧರ್ಣಪ್ಪ ಹಾಳೆ ಹಿಡಿದು ಹಾಲಿನ ನಡುವೆ ನಿಂತ. "ಸಂವಹನ ಇಲ್ಲ ಅಂತ ಬರೆದದ್ದು ಯಾರು? ನಾನು ದಿನಕ್ಕೆ ಮೂರು ಸಲ ಬಂದು ಮಾತಾಡುವುದಿಲ್ಲವಾ? ಈ ಬಾಣಗೀಣ ಎಲ್ಲ ಯಾರ ಮೇಲೆ?"

ನಲವತ್ತು ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಪ್ರಾಪ್ತಿ ಕಣ್ಣೊರಸಿಕೊಂಡು ಎದ್ದು ಹೋಗಿ, ಬೆರಳಿಟ್ಟು ತೋರಿಸಿ, ಎಲ್ಲವನ್ನೂ ವಿವರಿಸಿದಳು. ಅವನು ಕೇಳಿದ. ಅವನಿಗೆ ತಪ್ಪು ಅರ್ಥ ಆದದ್ದನ್ನು ಮನ್ನಿಸಬಹುದು. ಆದರೆ ಆಮೇಲೆ ಅವನಿಗೆ ಸರಿಯಾಗಿಯೇ ಅರ್ಥವಾಯಿತು.

"ಓ, ಹಾಗಾ. ಮಳೆಗಾಲ ಬರಲಿ, ನೋಡುವ," ಅಂದ.

ಮಳೆಗಾಲಕ್ಕೆ ಇನ್ನೂ ಏಳು ವಾರ ಇತ್ತು. ಪ್ರಾಪ್ತಿಗೆ ಇದ್ದದ್ದು ನಾಲ್ಕು ದಿನ.

ನಾಲ್ಕನೆಯ ದಿನ ಮಧ್ಯಾಹ್ನ ಅವಳ ಮಾತು ತೊದಲಿತು. ಮೈ ಕೆಂಡ. ಬೆವರು ಒಂದು ಹನಿ ಇಲ್ಲ. "ಅಮ್ಮ, ಚಳಿ ಆಗ್ತದೆ," ಅಂದಳು. ಶಶಿಪ್ರಭಾ ಅವಳನ್ನು ರಿಕ್ಷಾದಲ್ಲಿ ಮನೆಗೆ ತಂದಳು. ಮೈ ಸುಡುತ್ತಿದ್ದು ಚಳಿ ಅಂದರೆ ಜ್ವರ. ಬೆವರಿದರೆ ಜ್ವರ ಇಳಿಯುತ್ತದೆ. ಅಜ್ಜಿಯ ಕಾಲದಿಂದ ಈ ಊರಿನ ಎಲ್ಲ ತಾಯಂದಿರಿಗೂ ಗೊತ್ತಿರುವ ಮದ್ದು ಅದು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದಳು. ಕಂಬಳಿ ಹೊದಿಸಿ ಅಂಚುಗಳನ್ನು ಮೈಯಡಿಗೆ ಸಿಕ್ಕಿಸಿದಳು. ಬೆವರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಒಂದೂವರೆ ಗಂಟೆ ಹಣೆ ಮುಟ್ಟುತ್ತಾ ಕೂತಳು.

ಬೆವರು ಬರಲೇ ಇಲ್ಲ. ಮೂಡುಬಿದಿರೆಯ ಆಸ್ಪತ್ರೆಯಲ್ಲಿ, ಪ್ರಾಪ್ತಿ ಹೋದ ಮೇಲೆ, ಡಾಕ್ಟರು ಶಶಿಪ್ರಭಾಳನ್ನೊಬ್ಬಳನ್ನೇ ಕರೆದು ಹೇಳಿದ್ದರು. ಇದು ಜ್ವರ ಅಲ್ಲಮ್ಮ, ಹೊರಗಿನ ಬಿಸಿ ಒಳಗೆ ಸೇರಿದ್ದು. ಕಂಬಳಿ ಹೊದಿಸುವುದಲ್ಲ, ಬಟ್ಟೆ ಸಡಿಲಿಸಿ, ನೀರು ಸುರಿದು, ಗಾಳಿ ಬೀಸಬೇಕಿತ್ತು. ಫ್ಯಾಕ್ಟರಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಧರ್ಣಪ್ಪ ಅದನ್ನು ಕೇಳಿಸಿಕೊಂಡಿದ್ದ. ಭೋಜ ಆಗ ಇನ್ನೂ ಬಂಟ್ವಾಳದಿಂದ ಬರುತ್ತಿದ್ದ.

ವಿಚಾರಣೆ ನಡೆದದ್ದು ಫ್ಯಾಕ್ಟರಿಯ ಆಫೀಸಿನಲ್ಲೇ. ಎಸಿ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಅಧಿಕಾರಿ ವಯಸ್ಸಾದವರು, ಮಾತಲ್ಲಿ ಸಭ್ಯರು. ಶಶಿಪ್ರಭಾಳ ಪಕ್ಕದ ಕುರ್ಚಿಯಲ್ಲಿ ಭೋಜ, ಗೋಡೆಗೆ ಒರಗಿ ಧರ್ಣಪ್ಪ.

"ಮಗಳಿಗೆ ಮೊದಲೇ ಜ್ವರ ಇತ್ತಾ ಅಮ್ಮ?"

ಹೌದು ಅಂದರೆ ಮುಗಿಯಿತು. ಗಂಡನೊಟ್ಟಿಗೆ ಮನೆಗೆ ಹೋಗಬಹುದು. ಆ ಶೀಟಿನ ಕೆಳಗೆ ಹಫ್ಸ ಉಂಟು, ಉಳಿದವರು ಉಂಟು. ಕಿಂಡಿ ಮುಚ್ಚಿಯೇ ಇರುತ್ತದೆ.

"ಇರಲಿಲ್ಲ," ಅಂದಳು. "ಜ್ವರ ಅಂತ ನಾನು ತಿಳಿದದ್ದು. ಕಂಬಳಿ ಹೊದಿಸಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನು. ಒಂದೂವರೆ ಗಂಟೆ."

ಪಕ್ಕದ ಕುರ್ಚಿ ಕಿರುಗುಟ್ಟಿತು. ಅವಳು ಆ ಕಡೆ ನೋಡಲಿಲ್ಲ.

ಅಧಿಕಾರಿ ಬರೆದುಕೊಂಡು ಓದಿ ಹೇಳಿದರು: "ತಾಯಿಯು ತಪ್ಪು ತಿಳಿವಳಿಕೆಯಿಂದ ಕಂಬಳಿ ಹೊದಿಸಿರುತ್ತಾರೆ." ಪೆನ್ನು ಅವಳ ಕಡೆ ಚಾಚಿದರು.

"ಅರ್ಧ ಬರೆದಿದ್ದೀರಿ."

"ಅಷ್ಟೇ ಅಲ್ಲವಾ ನೀವು ಹೇಳಿದ್ದು?"

"ನಾನು ಮುಚ್ಚಿದ ಕಿಟಕಿ ಬರೆದಿರಿ. ಇವರು ಮುಚ್ಚಿದ ಕಿಂಡಿ ಎಲ್ಲಿ? ನನಗೆ ಗೊತ್ತಿರಲಿಲ್ಲ ಸ್ವಾಮಿ. ಇವರಿಗೆ ಗೊತ್ತಿತ್ತು. ಚಿತ್ರ ಬರೆದು ಕೊಟ್ಟಿದ್ದಳು ಅವಳು."

"ಅಕ್ಕ, ಅದು ಬೇರೆ ವಿಷಯ," ಅಂದ ಧರ್ಣಪ್ಪ.

"ಬೇರೆಯಾ? ಬಾ, ಆ ಹಾಲಿನಲ್ಲಿ ಒಂದು ಗಂಟೆ ಕೂತು ಬಾ. ಆಮೇಲೆ ನಾನೇ ನಿನಗೆ ಕಂಬಳಿ ಹೊದಿಸ್ತೇನೆ."

ಅಧಿಕಾರಿ ಎಸಿಯನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು. ಮತ್ತೆ ನಾಲ್ಕು ಸಾಲು ಬರೆದರು, ಓದಿ ಹೇಳಿದರು. ಕಿಂಡಿ ಇತ್ತು, ಶೀಟು ಇತ್ತು, ಬೋರ್ಮಾದ ಬಾಗಿಲು ಇತ್ತು, ಪ್ರಾಪ್ತಿ ಚಿತ್ರ ಬರೆದು ಕೊಟ್ಟ ತಾರೀಕು ಇತ್ತು. ಮೊದಲ ಸಾಲು ಇದ್ದಲ್ಲಿಯೇ ಇತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ತಲೆ ಎತ್ತಿದಾಗ ಪಕ್ಕದ ಕುರ್ಚಿ ಖಾಲಿ.

ಭೋಜ ಗೇಟಿನ ಆಚೆ, ಬಸ್ಸು ನಿಲ್ಲುವಲ್ಲಿ ಕಲ್ಲಿನ ಮೇಲೆ ಕೂತಿದ್ದ. ಅವಳು ಹತ್ತಿರ ಹೋಗಲಾರದೆ ಎರಡು ಮಾರು ದೂರದಲ್ಲಿ ನಿಂತಳು. ಒಂದು ಬಸ್ಸು ಬಂತು, ನಿಂತಿತು, ಡ್ರೈವರ್ ಭೋಜನಿಗೆ ಕೈ ಎತ್ತಿದ, ಹೋಯಿತು.

"ಅವಳು ನೀರು ಕೇಳಿದಳಾ?" ಭೋಜ ರಸ್ತೆಯನ್ನೇ ನೋಡುತ್ತಾ ಕೇಳಿದ.

"ಕೇಳಿದಳು."

"ಕೊಟ್ಟೆಯಾ?"

"ಕೊಟ್ಟೆ," ಅಂದಳು ಶಶಿಪ್ರಭಾ. "ಬಿಸಿ ಮಾಡಿ ಕೊಟ್ಟೆ."