ಹಿಂಬದಿಯ ಮೂರು ತೂತು

ಟಿವಿಯನ್ನು ಹಿಂಬದಿ ನೋಡಿಯೇ ಕೊಂಡುಕೊಳ್ಳಬೇಕು. ಇದನ್ನು ನಾನು ಅಕ್ಕನ ಗಂಡ ಹರಿಪ್ರಸಾದ್ ಭಾವನಿಗೆ ಮೂರು ಸಲ ಹೇಳಿದ್ದೆ. ಮೂರು ಸಲವೂ ತಲೆ ಅಲ್ಲಾಡಿಸಿದರು. ಆ ತಲೆಯೊಳಗೆ ಏನೂ ಇಳಿದಿರಲಿಲ್ಲ.

ಆಲಂಕಾರು ಊರಿನ ನಮ್ಮ ಮನೆಯ ಹಳೆ ಟಿವಿ ಸಿಡಿಲಿಗೆ ಸುಟ್ಟು ಇಪ್ಪತ್ತು ದಿನವಾಗಿತ್ತು. ಧಾರಾವಾಹಿ ಹೋದರೆ ಹೋಗಲಿ, ನನ್ನ ಚಿಂತೆ ಅಪ್ಪನ ಆಟದ್ದು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಅಪ್ಪ ಕುಕ್ಕಪ್ಪನವರ ಎಡಗೈ ಸೋತಿತ್ತು, ಮಾತು ತೊದಲುತ್ತಿತ್ತು. ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ ಅಂಗಳಕ್ಕೆ ಎಸೆದಿದ್ದರು. ನಾನು ಕಾಲೇಜಿನ ದಿನಗಳಲ್ಲಿ ಕೊಂಡಿದ್ದ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿದೆ ನೋಡಿ, ಕಾರ್ ರೇಸಿನಲ್ಲಿ ಮಗಳಾದ ನನ್ನನ್ನು ಸೋಲಿಸುವ ಹಟಕ್ಕೆ ಆ ಎಡಗೈಯ ಹೆಬ್ಬೆರಳು ಅಲುಗತೊಡಗಿತು. ನನ್ನನ್ನು ಬೈಯುವಾಗ ಮಾತೂ ಸ್ಪಷ್ಟ. ಆ ಗೇಮಿಗೆ ಕೆಂಪು, ಬಿಳಿ, ಹಳದಿ ಮೂತಿಯ ಮೂರು ವಯರು. ಟಿವಿಯ ಹಿಂದೆ ಅವಕ್ಕೆ ಮೂರು ತೂತು ಇರಬೇಕು, ಅಷ್ಟೇ.

ಒಬ್ಬಳೇ ಹೋಗಿ ತರಬಹುದಿತ್ತು. ಆದರೆ ದೊಡ್ಡ ಸಾಮಾನು ಕೊಳ್ಳುವಾಗ ಒಂದು ಮಾತು ಹೇಳದಿದ್ದರೆ ಭಾವ ವರ್ಷಗಟ್ಟಲೆ ಮುಖ ಊದಿಸಿಕೊಳ್ಳುತ್ತಾರೆ. ಹೇಳಿದೆ. ಹತ್ತಿರದ ಸವಣೂರಿನ ಮನೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಪುತ್ತೂರಿಗೆ ಬಂದೇಬಿಟ್ಟರು.

ಸಾಹುಲ್ ಹಮೀದರ ಅಂಗಡಿಯಲ್ಲಿ ಟಿವಿಗಳೆಲ್ಲ ಗೋಡೆಗೆ ಅಂಟಿಕೊಂಡಿದ್ದವು. ನಾನು ಚೀಲದಿಂದ ವಯರು ತೆಗೆದು, “ಇದಕ್ಕೆ ತೂತು ಉಂಟಾ?” ಎಂದೆ.

“ಈಗ ಕೆಲವದ್ರಲ್ಲಿ ಮಾತ್ರ ಅಕ್ಕ. ಪೆಟ್ಟಿಗೆ ತೆರೆದೇ ನೋಡುವ,” ಎಂದರು ಸಾಹುಲ್.

ಭಾವ ಅಡ್ಡ ಬಂದರು. “ಇಲ್ಲಿ ಎಂತ ತೆರೆಯುದು ಮಾರಾಯ್ರೆ? ಹೊಸ ಸಾಮಾನು, ದೇವರ ಎದುರು ಇಟ್ಟು ಕುಂಕುಮ ಹಚ್ಚಿಯೇ ತೆರೆಯುದು. ಎಲ್ಲ ಟಿವಿಯಲ್ಲೂ ಎಲ್ಲ ಇರ್ತದೆ. ದೊಡ್ಡದು ಕೊಡಿ.”

ನಾಲ್ಕು ಜನರೆದುರು ಭಾವನ ಮರ್ಯಾದೆ ಹೋದೀತೆಂದು ನಾನು ವಯರು ಸುತ್ತಿ ಚೀಲಕ್ಕೆ ಹಾಕಿದೆ. ಆ ಸಿಟ್ಟು ಇವತ್ತಿಗೂ ನನ್ನ ಮೇಲೆಯೇ ಇದೆ.

ಮನೆಯಲ್ಲಿ ದೀಪ ಹಚ್ಚಿ, ಕುಂಕುಮ ಇಟ್ಟು, ಪೆಟ್ಟಿಗೆ ತೆರೆದೆವು. ತೂತು ಇರಲಿಲ್ಲ. ಭಾವ ಗಡಿಯಾರ ನೋಡಿ ಬಸ್ಸಿಗೆ ಹೊರಟರು.

ತೆರೆದ ಟಿವಿಯನ್ನು ಕಂಪನಿ ವಾಪಾಸು ತೆಗೆದುಕೊಳ್ಳುವುದಿಲ್ಲ. ಪಾಪ, ಸಾಹುಲ್ ವಯರು ಸಿಕ್ಕಿಸುವ ಸಣ್ಣ ಡಬ್ಬಿಯೊಂದನ್ನು ತರಿಸಿಕೊಟ್ಟರು. ಚಿತ್ರ ಬಂತು. ಆದರೆ ಗುಂಡಿ ಒತ್ತಿ ಒಂದು ಗಳಿಗೆಯಾದ ಮೇಲೆ ಕಾರು ತಿರುಗುತ್ತಿತ್ತು. ಅಪ್ಪ ಒತ್ತಿದರು, ಕಾರು ಗೋಡೆಗೆ ಗುದ್ದಿತು. ಮತ್ತೆ ಒತ್ತಿದರು, ಮತ್ತೆ ಗುದ್ದಿತು. ತಪ್ಪು ಡಬ್ಬಿಯದ್ದೆಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತರು.

“ಕೈ... ಹೋಯ್ತು,” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆಯೇ ಟಿವಿಯನ್ನು ಪೆಟ್ಟಿಗೆಗೆ ತುಂಬಿ, ರಿಕ್ಷಾದಲ್ಲಿ ಹಾಕಿ ಸವಣೂರಿಗೆ ಹೋದೆ. ಭಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನೇರ ಒಳಗೆ ಹೋಗಿ ಅವರ ಹತ್ತು ವರ್ಷದ ಟಿವಿಯ ಹಿಂದೆ ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಕೆಂಪು, ಬಿಳಿ, ಹಳದಿ. ಮೂರೂ ಧೂಳು ಹಿಡಿದು ಕೂತಿದ್ದವು.

“ಅಕ್ಕ, ಸ್ಕ್ರೂಡ್ರೈವರ್ ಕೊಡು.”

“ಎಂತ ಮಾಡುದು ನೀನು? ಅದು ನನ್ನ ಟಿವಿ,” ಭಾವ ಬಾಗಿಲಿಗೆ ಬಂದರು.

“ನೀವು ಆರಿಸಿದ್ದು ಹೊರಗೆ ಉಂಟು ಭಾವ. ಅದು ನಿಮ್ಮ ಗೋಡೆಗೇ ಚಂದ. ಕುಂಕುಮ ಸಮೇತ ತಂದಿದ್ದೇನೆ.”

“ಒಂದು ಮಾತು ಕೇಳುದು ಬೇಡ್ವಾ?”

“ಮೂರು ಸಲ ಹೇಳಿದ್ದೆ.”

ಅಕ್ಕ ಗಂಡನ ಮುಖ ನೋಡಲಿಲ್ಲ. ಸ್ಕ್ರೂಡ್ರೈವರ್ ತಂದು ಕೊಟ್ಟಳು. ಟಿವಿಯ ಆ ಕಡೆಯನ್ನೂ ಅವಳೇ ಹಿಡಿದಳು.

ಆ ಹಳೆ ಟಿವಿಯನ್ನು ಮನೆಗೆ ತಂದು ವಯರು ಸಿಕ್ಕಿಸಿ, ಮಧ್ಯಾಹ್ನ ಅಪ್ಪನನ್ನು ಎಬ್ಬಿಸಿ ಕೂರಿಸಿದೆ. ಬೇಡವೆಂದು ತಲೆ ಆಡಿಸಿದರು. ನಾನು ಆಟ ಶುರು ಮಾಡಿ, ಬೇಕೆಂದೇ ನನ್ನ ಕಾರನ್ನು ಅವರ ಕಾರಿಗೆ ಅಡ್ಡ ನಿಲ್ಲಿಸಿದೆ. ಅವರು ಗೇಮಿನ ಹಿಡಿಯನ್ನು ಕೈಗೆತ್ತಿಕೊಂಡರು. ಎಡಗೈಯ ಹೆಬ್ಬೆರಳು ಗುಂಡಿ ಒತ್ತಿತು. ಒತ್ತಿದ ಕೂಡಲೇ ಕಾರು ತಿರುಗಿತು.

“ಕತ್ತೆ,” ಎಂದರು ಅಪ್ಪ, ಒಂದಕ್ಷರವೂ ತೊದಲದೆ. “ದಾರಿ ಬಿಡು.”