ಶಿರೋಳದಲ್ಲಿ ತಿಂಡಿಯ ವಿಚಾರಣೆ

ಹೊಸ ರಾಜ್ಯ ಹುಟ್ಟಿ ವರ್ಷ ತುಂಬುವುದರೊಳಗೆ, ಮುಂಬಯಿ ಸರಕಾರದ ಕಾಲದಲ್ಲಿ ತೆರೆದಿದ್ದ ಬಾಲವಾಡಿಗಳನ್ನು ಏನು ಮಾಡಬೇಕೆಂಬ ಚಿಂತೆ ಬೆಂಗಳೂರಿಗೆ ಹತ್ತಿತು. ಐದು ವರ್ಷದೊಳಗಿನ ಮಕ್ಕಳ ಕೈಗೆ ಪಾಟಿ ಕೊಡಬೇಕೋ ಗೊಂಬೆ ಕೊಡಬೇಕೋ ಎಂದು ನಿಯಮ ಬರೆಯಲು ಒಂದು ಸಮಿತಿ ಆಗುವುದಿತ್ತು. ನರಗುಂದ ಭಾಗದ ಬಾಲವಾಡಿಗಳ ಮೇಲ್ವಿಚಾರಕಿ ಸುಶೀಲವ್ವನ ಹೆಸರು ಅದರಲ್ಲಿ ಸೇರಿದ ಹಾಗೇ ಇತ್ತು. ಹತ್ತಿ ವಖಾರಿಯಲ್ಲೂ ಕೂಸುಗಳಿಗೆ ಕಲಿಸಬಹುದೆಂದು ತೋರಿಸಿದ ಹೆಂಗಸು ಎಂಬ ಕೀರ್ತಿ ಧಾರವಾಡವನ್ನು ದಾಟಿ ಹೋಗಿತ್ತು. ಉಳಿದದ್ದು ಇಷ್ಟೇ: ಬೆಂಗಳೂರಿನ ಅಧಿಕಾರಿ ಪದ್ಮಾಸನಿಯವರು ಆ ವಖಾರಿಯಲ್ಲೇ ನಡೆಯುತ್ತಿದ್ದ ಶಿರೋಳದ ಕೇಂದ್ರವನ್ನು ಕಣ್ಣಾರೆ ಕಂಡು ಹೂಂ ಅನ್ನಬೇಕು.

ಪದ್ಮಾಸನಿಯವರು ಮೈಸೂರಿನವರು. ಜೀಪಿನಿಂದ ಇಳಿದು, ಸೀರೆಯ ಧೂಳು ಕೊಡವುತ್ತಲೇ, "ಮಕ್ಕಳನ್ನ ನಾನೊಬ್ಬಳೇ ಮಾತಾಡಿಸ್ತೀನಿ. ನೀವಿಬ್ಬರೂ ಹೊರಗಿರಿ," ಎಂದರು. ಮಕ್ಕಳು ಸುಳ್ಳು ಹೇಳುವುದಿಲ್ಲವೆಂಬುದು ಅವರ ಶಾಸ್ತ್ರ. ಮಕ್ಕಳು ಹೇಳಿದ್ದು ನಮಗೆ ತಿಳಿಯುತ್ತದೆಯೇ ಎಂಬ ಬಗ್ಗೆ ಆ ಶಾಸ್ತ್ರದಲ್ಲಿ ಏನೂ ಇರಲಿಲ್ಲ. ಸುಶೀಲವ್ವನೂ ಮಕ್ಕಳು ಅಕ್ಕಾರು ಎಂದು ಕರೆಯುವ ಕೇಂದ್ರದ ಶಿಕ್ಷಕಿ ಬದರುನ್ನಿಸಾಳೂ ಹೊರಗಿನ ಕಟ್ಟೆಯ ಮೇಲೆ ನಿಂತರು. ಪಕ್ಕದ ಒಲೆಯ ಮೇಲೆ ಮಕ್ಕಳಿಗೆಂದು ಕಡಲೆ ಉಸುಳಿ ಬೇಯುತ್ತಿತ್ತು.

ಒಳಗಿನಿಂದ ಅಧಿಕಾರಿಯ ಮಾತು ಕೇಳಿಸಿತು.

"ಮಕ್ಕಳೇ, ಇಲ್ಲಿ ನಿಮಗೆಲ್ಲ ತಿಂಡಿ ಇದೆಯಾ?"

"ಇಲ್ರೀ," ಎಂದಿತು ಇಡೀ ವಖಾರಿ, ಹೆಮ್ಮೆಯಿಂದ.

ಸುಶೀಲವ್ವನಿಗೆ ನಗು ಬಂತು. ಮೈಸೂರಿನ ಕಡೆ ತಿಂಡಿಯೆಂದರೆ ತಿನ್ನುವಂಥದು. ಈ ಕಡೆ ತಿಂಡಿಯೆಂದರೆ ತುರಿಕೆ. ಏಕೀಕರಣದ ಭಾಷಣಗಳಲ್ಲಿ ಯಾರೂ ಈ ಬಗ್ಗೆ ಎಚ್ಚರಿಸಿರಲಿಲ್ಲ. ಬಿಡಿಸಿ ಹೇಳೋಣವೆಂದು ಹೆಜ್ಜೆ ಎತ್ತಿದಳು. ಬದರುನ್ನಿಸಾ ಅವಳ ಸೆರಗು ಜಗ್ಗಿದಳು.

"ಬಾಯಾರ, ತಿಂಡಿ ಸುದ್ದಿ ಇವರಿಗೆ ಯಾರ ಹೇಳಿದ್ರಿ?"

ಎತ್ತಿದ ಹೆಜ್ಜೆ ಅಲ್ಲೇ ನಿಂತಿತು. ಹಿಂದಿನ ತಿಂಗಳು ಕೇಂದ್ರದಲ್ಲಿ ನಿಜವಾಗಿಯೂ ಕಜ್ಜಿ ಎದ್ದಿತ್ತು. ಅಂಟುರೋಗ ಕಂಡರೆ ಕೇಂದ್ರ ಮುಚ್ಚಿ ವರದಿ ಕಳಿಸಬೇಕೆಂಬುದು ನಿಯಮ. ಮುಚ್ಚಿದರೆ ಮಕ್ಕಳು ತಾಯಂದಿರ ಹಿಂದೆ ಹತ್ತಿ ಹೊಲಕ್ಕೆ ಹೋಗಿ, ಉಸುಳಿಯೂ ಇಲ್ಲದೆ ಔಷಧವೂ ಇಲ್ಲದೆ ತುರಿಸಿಕೊಳ್ಳುತ್ತ ಕೂಡುತ್ತಿದ್ದವು. ಸುಶೀಲವ್ವ ಮುಚ್ಚಲೂ ಇಲ್ಲ, ವರದಿ ಕಳಿಸಲೂ ಇಲ್ಲ. "ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದು ಬದರುನ್ನಿಸಾಳಿಗೆ ತಾಕೀತು ಮಾಡಿ, ಮಕ್ಕಳಿಗೆ ದಿನಾ ಮೈ ತೊಳೆಸಿ ಗಂಧಕದ ಮುಲಾಮು ಹಚ್ಚಿಸಿದ್ದಳು.

ಒಳಗೆ ವಿಚಾರಣೆ ಮುಂದುವರಿದಿತ್ತು.

"ಮುಂಚೆಯಾದರೂ ಇತ್ತಾ?"

"ಭಾಳ ಇತ್ರಿ," ಎಂದಿತು ಪುಟ್ಟ ಕರೆವ್ವನ ದನಿ. "ಅಕ್ಕಾರು ಬಿಡಿಸಿದ್ರಿ."

"ಅಕ್ಕ ಬಿಡಿಸಿಬಿಟ್ಟರಾ? ಆಮೇಲೆ?"

"ಆಮ್ಯಾಲೆ ಅಕ್ಕಾರಿಗೇ ಬಂತ್ರಿ. ಕೈತುಂಬ ಬಂದಿತ್ತು."

ಪದ್ಮಾಸನಿ ಹೊರಗೆ ಬಂದರು. ಬದರುನ್ನಿಸಾಳನ್ನು ಮೇಲಿಂದ ಕೆಳಗೆ ನೋಡಿದರು. "ತಿಂಡಿ ವಿಷಯ ಎಲ್ಲ ತಿಳೀತು."

"ತಪ್ಪಾತ್ರಿ ಬಾಯಾರ," ಎಂದಳು ಬದರುನ್ನಿಸಾ, ಎರಡೂ ಕೈ ಮುಂದೆ ಚಾಚಿ. "ಈಗ ಏನೂ ಉಳದಿಲ್ಲ, ನೋಡ್ರಿ."

"ಉಳಿದಿಲ್ಲ ಅಂತ ಬೇರೆ ಹೇಳ್ತಾಳೆ. ಸುಶೀಲಾಬಾಯಿ, ಈಕೆಯನ್ನ ಇವತ್ತೇ ತೆಗೀಬೇಕು."

ಸುಶೀಲವ್ವ ಒಲೆಯತ್ತ ಕೈ ತೋರಿಸಿದಳು. "ಉಸುಳಿ ದಿನಾ ಆಗತೈತ್ರಿ."

"ಇನ್‌ಸ್ಪೆಕ್ಷನ್ ದಿನ ಎಲ್ಲ ಕಡೆ ಒಲೆ ಉರಿಯುತ್ತೆ."

ಸುಮ್ಮನಿದ್ದರೆ ಸಮಿತಿ ಸಿಗುತ್ತಿತ್ತು. ಆದರೆ ಪಿಂಜಾರ ಕಾಶೀಂಸಾಬನ ಮಗಳು ಬದರುನ್ನಿಸಾ ಕೂಸುಗಳ ಬಾಯೊಳಗಿನದು ಕದ್ದವಳಾಗಿ ಇದೇ ಊರಲ್ಲಿ ಬಾಳಬೇಕಿತ್ತು. ಅವಳು ಸುಶೀಲವ್ವನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಬಿಡಬ್ಯಾಡ ಎಂದ ಮಾತನ್ನು ಇನ್ನೂ ಪಾಲಿಸುತ್ತಿದ್ದಳು.

"ಮೇಡಂ," ಎಂದಳು ಸುಶೀಲವ್ವ, "ನಮ್ಮ ಕಡೆ ತಿಂಡಿ ಅಂದ್ರ ತುರಿಕಿರಿ. ಹುಡುಗ್ರು ಹೇಳಿದ್ದು ಮೈ ತುರಿಸೂ ಸುದ್ದಿ."

ಪದ್ಮಾಸನಿಯವರಿಗೆ ನಗು ಬಂದೇಬಿಟ್ಟಿತು. ಅದು ನಡುವೆಯೇ ನಿಂತಿತು.

"ಅಂದರೆ ಇಲ್ಲಿ ಕಜ್ಜಿ ಎದ್ದಿತ್ತು."

"ಎದ್ದಿತ್ರಿ."

"ನನಗೆ ವರದಿ ಬಂದಿಲ್ಲ."

"ನಾ ಕಳಸಲಿಲ್ರಿ. ಕೇಂದ್ರ ಮುಚ್ಚಬ್ಯಾಡ ಅಂದಾಕಿನೂ ನಾನ. ಈಕಿ ನಾ ಹೇಳಿದ್ದಷ್ಟ ಮಾಡ್ಯಾಳ. ಹಚ್ಚಿ ಹಚ್ಚಿ ತಾನೂ ಹತ್ತಿಸಿಕೊಂಡ್ಲು."

ಪದ್ಮಾಸನಿ ಮತ್ತೆ ಒಳಗೆ ಹೋದರು. ಒಂದೊಂದೇ ಮಗುವಿನ ಬೆರಳ ಸಂದು ಬಿಡಿಸಿ ನೋಡಿದರು. ಮಕ್ಕಳಿಗೆ ಅದು ಹೊಸ ಆಟ. ನೋಡಿಸಿಕೊಂಡವರೇ ಮತ್ತೆ ಸಾಲಿಗೆ ನಿಂತರು.

"ವಾಸಿಯಾಗಿದೆ," ಎಂದರು ಬಾಗಿಲಿಗೆ ಬಂದು. "ಈ ಹುಡುಗಿ ಇರಲಿ. ಆದರೆ ನೀವು ಮುಚ್ಚಿಟ್ಟದ್ದನ್ನ ನಾನು ಬರೀಲೇಬೇಕು."

"ಬರೀರಿ."

"ಸಮಿತಿಗೆ ನಿಮ್ಮ ಹೆಸರು ಹೋಗಲ್ಲ."

ಸುಶೀಲವ್ವ ಒಲೆಯ ಮೇಲಿನ ಉಸುಳಿಯನ್ನು ಒಮ್ಮೆ ತಿರುವಿದಳು. "ಹೋಗದಿದ್ರ ಬಿಡ್ರಿ. ಆದ್ರ ಆ ಮುಚ್ಚೂ ನಿಯಮ ಒಂದು ತಗಿಸ್ರಿ. ರೋಗ ಬಂದಾಗನ ಹುಡುಗ್ರಿಗೆ ಬಾಲವಾಡಿ ಬೇಕಾಗತೈತಿ."

ಪದ್ಮಾಸನಿ ಜೀಪು ಹತ್ತಿ ಕುಳಿತರು. ಆ ಮಾತಿನಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

"ಅದನ್ನ ಹೇಳೋಕೆ," ಎಂದರು, "ನೀವು ಸಮಿತಿಯಲ್ಲಿರಬೇಕಿತ್ತು."